ಸತ್ಯಾಂಶ: ‘ಶೇ 99 ನಿಖರ’ ಟೆಸ್ಟ್ ಅಂದರೆ ಏನು?

‘ಈ ವೈರಸ್ ಟೆಸ್ಟ್ ಶೇ 99 ನಿಖರ, ಪಾಸಿಟಿವ್ ಬಂದರೆ ಸೋಂಕು ಇರುವುದು ಶೇ 99 ಖಚಿತ’ ಅನ್ನುವ ಫಾರ್ವರ್ಡ್ ಓಡಾಡುತ್ತಿದೆ. ಲೆಕ್ಕ ತಪ್ಪು. 10,000 ಜನರಲ್ಲಿ 100 ಮಂದಿಗೆ ಮಾತ್ರ ಸೋಂಕಿದೆ ಅಂದುಕೊಳ್ಳಿ. ಟೆಸ್ಟ್ ಸೋಂಕಿರುವವರಲ್ಲೂ ಇಲ್ಲದವರಲ್ಲೂ ಶೇ 99 ಸರಿ ಹೇಳಿದರೆ, ಆ 100ರಲ್ಲಿ 99 ಜನ ಪಾಸಿಟಿವ್ ಬರುತ್ತಾರೆ, ಉಳಿದ 9,900 ಮಂದಿಯಲ್ಲೂ 99 ಜನರಿಗೆ ಸೋಂಕಿಲ್ಲದೆಯೇ ಪಾಸಿಟಿವ್ ಬರುತ್ತದೆ. ಅಂದರೆ ಪಾಸಿಟಿವ್ ಬಂದವರಲ್ಲಿ ಅರ್ಧಕ್ಕರ್ಧ ಜನರಿಗೆ ಸೋಂಕೇ ಇಲ್ಲ! ಸೋಂಕು ಜಾಸ್ತಿ ಹರಡಿರುವಾಗ ಇದೇ ಪಾಸಿಟಿವನ್ನು ಹೆಚ್ಚು ನಂಬಬಹುದು.

ಹಾಗಂತ ಟೆಸ್ಟೇ ಮೋಸ ಅನ್ನಬೇಡಿ, ದಯವಿಟ್ಟು. ನಿಖರತೆ ಅಳೆಯುವುದೇ ಕಷ್ಟ, ಯಾಕಂದರೆ ಹೊಸ ಟೆಸ್ಟನ್ನು ಸಾಮಾನ್ಯವಾಗಿ ಇನ್ನೊಂದು ಟೆಸ್ಟ್ ಜೊತೆ ಹೋಲಿಸುತ್ತಾರೆ, ಅದೂ ತಪ್ಪಬಹುದು ಅಲ್ವಾ? ಸೋಂಕಿನ ಮೊದಲ ದಿನಗಳಲ್ಲಿ ವೈರಸ್ ಕಡಿಮೆಯಿದ್ದಾಗ ಒಳ್ಳೆಯ ಟೆಸ್ಟ್ ಕೂಡ ನೆಗೆಟಿವ್ ತೋರಿಸಬಹುದು.