ಲಫ್‌ಬರಾಗೆ ಒಂದು ಟಿಕೆಟ್

ನಮ್ಮ ಚಿಕ್ಕಪ್ಪ ತಿಪಟೂರಿನ ಕಡೆ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಸೂತ್ರಕ್ಕೆ ಸಿಗದ ವಸ್ತು ಲೋಕದಲ್ಲೇ ಇಲ್ಲ ಅನ್ನುವುದು ಅವರ ವಾದ. ಆ ವಾದಕ್ಕೆ ಕುತ್ತು ಬಂದದ್ದು ಮಗ ಎಂಎಸ್ಸಿ ಓದಲು ಇಂಗ್ಲೆಂಡಿಗೆ ಹೋದ ಮೇಲೆ. ಹೋದ ಊರಿನ ಹೆಸರಿನಲ್ಲಿ ಓ-ಯು-ಜಿ-ಎಚ್ ಅನ್ನುವ ನಾಲ್ಕಕ್ಷರದ ಗ್ಯಾಂಗು ಎರಡು ಸಲ ಬರುತ್ತದೆ. ಎಲ್ ಆದ ತಕ್ಷಣ ಒಂದು, ಕೊನೆಯಲ್ಲಿ ಇನ್ನೊಂದು.

ಮದುವೆ ಮನೆಗಳಲ್ಲಿ ಚಿಕ್ಕಮ್ಮ "ಮಗ ಲೌಗ್‌ಬರೋಗ್‌ನಲ್ಲಿದ್ದಾನೆ" ಅನ್ನುತ್ತಿದ್ದರು. ಕೇಳಿದವರು ಯಾವುದೋ ಕಾಯಿಲೆಯ ಹೆಸರು ಕಿವಿಗೆ ಬಿದ್ದಂತೆ ಮುಖ ಸಣ್ಣ ಮಾಡಿ, "ಹುಷಾರಾಗ್ತಾನೆ ಬಿಡಿ" ಅಂತ ಹೋಳಿಗೆ ಎಲೆಯ ಕಡೆ ತಿರುಗುತ್ತಿದ್ದರು.

ಇದನ್ನು ಬಗೆಹರಿಸಲೇಬೇಕೆಂದು ಚಿಕ್ಕಪ್ಪ ಹಾಳೆ ಹರವಿಕೊಂಡು ಕೂತರು. ಕೆಮ್ಮಿನ ಕಾಫ್, ಗಟ್ಟಿಯ ಟಫ್, ಹಿಟ್ಟಿನ ಡೋ, ನೇಗಿಲಿನ ಪ್ಲೌ, ಆರಪಾರಿನ ಥ್ರೂ, ಯೋಚನೆಯ ಥಾಟ್. ಅಕ್ಷರ ಅವೇ ನಾಲ್ಕು, ಸದ್ದು ಆರು. ಊರಿನ ಹೆಸರಿನಲ್ಲಿ ಜಾಗ ಎರಡು, ಆರಾರ್ಲಿ 36. ಅಷ್ಟನ್ನೂ ನೀಟಾಗಿ ಕೋಷ್ಟಕ ಮಾಡಿ ಮಗನಿಗೆ ವಾಟ್ಸಾಪ್ ಮಾಡಿದರು, ಸರಿಯಿದ್ದದ್ದಕ್ಕೆ ಟಿಕ್ ಹಾಕು ಅಂತ. ಅವನು ಒಂದಕ್ಕೂ ಹಾಕಲಿಲ್ಲ. ಊರಿನವರು ಅನ್ನುವುದು ಲಫ್‌ಬರಾ. ಮೊದಲನೆಯದು ಟಫ್‌ನ ಜಾತಿ, ಎರಡನೆಯದು ಪಟ್ಟಿಯಲ್ಲೇ ಇಲ್ಲದ ಏಳನೆಯದು, ಅರ್ಧ ಉಸಿರಿನಲ್ಲಿ ಮುಗಿದುಹೋಗುವ ಒಂದು "ಅ". ತಮಾಷೆಗೆ ಲೂಗಾಬರೂಗಾ ಅನ್ನುವವರೂ ಇದ್ದಾರಂತೆ. ನನಗಂತೂ ಅದೇ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಇಷ್ಟಕ್ಕೆಲ್ಲ ಕಾರಣ ಆ ಜಿ-ಎಚ್. ಹಿಂದೆ ಅದಕ್ಕೆ ಗಂಟಲಿಂದ ಕೆರೆದು ಬರುವ ಖ್‌ನಂಥ ಸದ್ದಿತ್ತು. ಸ್ಕಾಟ್ಲೆಂಡಿನವರು ಸರೋವರವನ್ನು ಲಾಖ್ ಅನ್ನುವಾಗ ಈಗಲೂ ಆ ಸದ್ದು ಕೇಳಬಹುದು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ. ಕಾಗುಣಿತ ಮೊಳೆಯಚ್ಚಿನಲ್ಲಿ ಕಾಲು ಚಾಚಿ ಕೂತಿತು, ನಾಲಿಗೆ ಮಾತ್ರ ಕೂರಲಿಲ್ಲ. ಖ್ ಕೆಲವು ಕಡೆ ಫ್ ಆಯಿತು, ಕೆಲವು ಕಡೆ ಹೇಳದೆ ಕೇಳದೆ ಹೊರಟುಹೋಯಿತು. ಅಮೆರಿಕದವರು ನೇಗಿಲಿಗೆ ಡಬ್ಲ್ಯೂ ಹಾಕಿ ಬಚಾವಾದರು. ಇಂಗ್ಲಿಷರು ಸಾಲದ್ದಕ್ಕೆ ಹಿಕಪ್ ಅನ್ನುವ ಬಿಕ್ಕಳಿಕೆಯನ್ನೂ ಕೆಮ್ಮಿನ ನೆಂಟ ಅಂದುಕೊಂಡು ಅದರ ಬಾಲಕ್ಕೆ ಕಾಫ್ ಅಂಟಿಸಿದರು. ಆ ಹಿಕ್‌ಕಾಫನ್ನು ಓದುವುದು ಮಾತ್ರ ಹಿಕಪ್ ಎಂದೇ.

ಘಟಿಕೋತ್ಸವಕ್ಕೆ ಚಿಕ್ಕಪ್ಪ ಲಂಡನ್ನಿಗೆ ಇಳಿದರು. ಟಿಕೆಟ್ ಕೌಂಟರಿನಲ್ಲಿ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಲಫ್‌ಬರಾವನ್ನು ಸ್ಪಷ್ಟವಾಗಿ ಹೇಳಿದರು. ಟಿಕೆಟ್ ಸಿಕ್ಕಿತು. ಅಲ್ಲಿಗೆ ಅವರ ಮೀಸೆ ಒಂದಿಂಚು ಮೇಲಕ್ಕೆ.

ವಾಪಸು ಬರುವಾಗ ಹೀತ್ರೋ ವಿಮಾನ ನಿಲ್ದಾಣದ ಹತ್ತಿರದ ಒಂದೂರಲ್ಲಿ ಹಳೇ ಶಿಷ್ಯನ ಮನೆಗೆ ಹೋಗಬೇಕಿತ್ತು. ಎಸ್, ಎಲ್, ಆಮೇಲೆ ಅದೇ ನಾಲ್ಕಕ್ಷರ. ಈಗ ಸೂತ್ರ ಕೈಯಲ್ಲಿದೆಯಲ್ಲ, ಟ್ಯಾಕ್ಸಿಯವನಿಗೆ ಗತ್ತಿನಿಂದ "ಸ್ಲಫ್" ಅಂದರು. ಸ್ಲಫ್ ಅಂದರೆ ಹಾವು ಕಳಚುವ ಪೊರೆ. ಊರು ಸ್ಲೌ, ನೇಗಿಲಿನ ಜಾತಿ. ಕಾಗುಣಿತ ಎರಡಕ್ಕೂ ಒಂದೇ. ಡ್ರೈವರ್ ಕನ್ನಡಿಯಲ್ಲಿ ಮಿಕಮಿಕ ನೋಡಿದ. ಪೇಟ ನೋಡಿ ಪಂಜಾಬಿಯವನೇ ಅಂತ ಖಾತ್ರಿ ಮಾಡಿಕೊಂಡ ಚಿಕ್ಕಪ್ಪ, ಇಂಗ್ಲಿಷಿನ ಸಹವಾಸವೇ ಬೇಡವೆಂದು ಹಿಂದಿಯಲ್ಲಿ ದಾರಿ ಹೇಳಲು ಶುರು ಮಾಡಿದರಂತೆ.

ಅವರ ಹಿಂದಿಯ ಕಥೆ ಬೇರೆಯೇ ಇದೆ.