ಮರಳಿನಲ್ಲಿ ಗಿಡ ಬೆಳೆಯುತ್ತದೆ, ಹೊಸಬರನ್ನು ಹೆದರಿಸಬೇಡಿ

ಕಳೆದ ವಾರ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ್ದ. ಮೀನು ಸಾಕುವ, ಎರಡು ಅಡಿ ಉದ್ದದ ಗಾಜಿನ ತೊಟ್ಟಿಯನ್ನು ಮನೆಗೆ ತಂದು ತಿಂಗಳಾಗಿದೆ, ಇನ್ನೂ ಖಾಲಿ. ಅದರಲ್ಲಿ ನೀರೊಳಗೆ ಬೆಳೆಯುವ ಗಿಡ ನೆಡುವ ಆಸೆ ಅವನಿಗೆ. ಆದರೆ ವಿಚಾರಿಸಿದ ಕಡೆಯಲ್ಲೆಲ್ಲ ಮೊದಲ ಮಾತೇ ತಳಕ್ಕೆ ಹಾಕುವ ವಿಶೇಷ ಮಣ್ಣಿನದು. ಆ ಚೀಲಗಳ ಬೆಲೆ ಕೂಡಿಸಿ ನೋಡಿದರೆ ತೊಟ್ಟಿ, ದೀಪ, ಫಿಲ್ಟರ್ ಮೂರಕ್ಕೂ ಕೊಟ್ಟದ್ದಕ್ಕಿಂತ ಹೆಚ್ಚಾಗುತ್ತದೆಯಂತೆ. "ಮರಳು ಹಾಕಬಹುದೇ ಎಂದು ಕೇಳಿದೆ. ಮರಳು ಹಿಂಡಿ ಎಣ್ಣೆ ತೆಗೆಯುತ್ತೀಯಾ ಎಂದರು" ಎಂದ. ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡುವ ಯೋಚನೆಯಲ್ಲಿದ್ದ. ಅದನ್ನು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಹಾಕಬಹುದು. ಇದನ್ನು ಬರೆಯುತ್ತಿರುವಾಗ ನನ್ನ ಎದುರಿಗೆ ಆರು ವರ್ಷ ಹಳೆಯ ತೊಟ್ಟಿಯೊಂದಿದೆ. ಅದರ ತಳದಲ್ಲಿರುವುದು ಮರಳು, ಮರಳು ಮಾತ್ರ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದರೆ ಕ್ರಿಪ್ಟೊಕೊರೈನ್ ಗಿಡದ ಬೇರುಗಳು ಕಾಣುತ್ತವೆ. ಬಿಳಿ ಹತ್ತಿದಾರದ ಹಾಗೆ ಮರಳಿನೊಳಗೆ ಇಳಿದು, ಗಾಜು ಅಡ್ಡ ಬಂದಲ್ಲಿ ಬಾಗಿ, ತಳದಗುಂಟ ಹರಿದಿವೆ. ಮರಳಿನಡಿಯಲ್ಲೇ ಸಾಗಿದ ಒಂದು ಕುಡಿ ತಾಯಿಗಿಡದಿಂದ ಗೇಣು ದೂರ ಬಂದು ಮೂರೆಲೆಯ ಮರಿಯೊಂದನ್ನು ಎಬ್ಬಿಸಿದೆ. ಮರಳಿನಲ್ಲಿ ಗಿಡ ಬರುವುದಿಲ್ಲ ಎನ್ನುವವರು ಒಮ್ಮೆ ಈ ಗಾಜಿನ ಮುಂದೆ ಕುಳಿತುಕೊಳ್ಳಬೇಕು ಎನ್ನಿಸುತ್ತದೆ.

ನಾನೂ ಮೊದಲು ಹಾಕಿದ್ದು ದುಬಾರಿ ಮಣ್ಣನ್ನೇ. ಮಾರಿದವರು ಗಿಡಕ್ಕೆ ಬೇಕಾದದ್ದೆಲ್ಲ ಇದರಲ್ಲಿದೆ ಎಂದರು. ಮೊದಲ ಕೆಲವು ವಾರ ಅದು ನೀರಿಗೆ ಮೀನಿಗೆ ವಿಷವಾದ ಅಮೋನಿಯಾ ಬಿಡುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ನಾಲ್ಕನೆಯ ದಿನ ಹನ್ನೆರಡು ನಿಯಾನ್ ಟೆಟ್ರಾ ಮೀನು ಬಿಟ್ಟೆ. ವಾರ ಮುಗಿಯುವಷ್ಟರಲ್ಲಿ ಎರಡು ಉಳಿದವು. ಸತ್ತವು ಕೊನೆಗೆ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆತೆರೆದು ಒದ್ದಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎರಡು ವರ್ಷವಾಗುವ ಹೊತ್ತಿಗೆ ಆ ಮಣ್ಣಿನ ಉಂಡೆಗಳು ಒಡೆದು ಕೆಸರಾಗತೊಡಗಿದವು. ಒಂದು ಗಿಡ ಕಿತ್ತರೆ ತೊಟ್ಟಿಯೆಲ್ಲ ರಾಡಿ.

ಮಣ್ಣನ್ನು ದೂರುವುದು ನನ್ನ ಉದ್ದೇಶವಲ್ಲ. ಅಕ್ವಾ ಸಾಯಿಲ್ ಎಂದು ಕರೆಯುವ ಈ ಸುಟ್ಟ ಮಣ್ಣಿನ ಹರಳುಗಳು ನಿಜಕ್ಕೂ ಒಳ್ಳೆಯ ವಸ್ತು. ಪೋಷಕಾಂಶಗಳನ್ನು ಹಿಡಿದಿಟ್ಟುಕೊಂಡು ಬೇರಿಗೆ ಸ್ವಲ್ಪಸ್ವಲ್ಪವಾಗಿ ಕೊಡುತ್ತವೆ, ನೀರಿನ ಪಿಎಚ್ ಇಳಿಸಿ ಅದನ್ನು ಆಮ್ಲದ ಕಡೆಗೆ ಎಳೆಯುತ್ತವೆ. ಸುಣ್ಣ ಕಡಿಮೆಯಿರುವ ಮೆದು ನೀರನ್ನೇ ಬೇಡುವ ಕ್ಯಾರಿಡಿನಾ ಸಿಗಡಿಗಳನ್ನು ಸಾಕುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ತೊಟ್ಟಿಯ ನೆಲದ ತುಂಬ ಹುಲ್ಲಿನ ಹಾಸು ಮೂರು ತಿಂಗಳಲ್ಲಿ ಹಬ್ಬಬೇಕು ಎನ್ನುವವರಿಗೂ ಅದು ಅನುಕೂಲ. ನನ್ನ ತಕರಾರು ಇರುವುದು ಒಂದೇ ಮಾತಿಗೆ: ಅದಿಲ್ಲದೆ ಗಿಡವೇ ಬೆಳೆಯದು ಎಂಬ ಮಾತಿಗೆ. ಜಲಸಸ್ಯಗಳ ತೊಟ್ಟಿಯನ್ನು ಕಲೆಯ ಮಟ್ಟಕ್ಕೆ ಏರಿಸಿದ ಜಪಾನಿನ ತಕಾಶಿ ಅಮಾನೊ ಕೂಡ ಹಿಂಭಾಗದ ಗಿಡಗಳಿಗೆ ಮಣ್ಣು ಬಳಸಿದರೂ ಎಷ್ಟೋ ತೊಟ್ಟಿಗಳ ಮುಂಭಾಗವನ್ನು ತಿಳಿಬಣ್ಣದ ಮರಳಿಗೇ ಬಿಟ್ಟುಕೊಟ್ಟಿದ್ದರು.

ಮರಳಿನಲ್ಲಿ ಪೋಷಕಾಂಶವಿಲ್ಲ ಎನ್ನುವುದು ಸರಿ. ಅದರಲ್ಲಿ ಬಹುಪಾಲು ಸಿಲಿಕಾ. ತಾನಾಗಿ ಏನನ್ನೂ ಕೊಡುವುದಿಲ್ಲ, ಜೇಡಿಯಂತೆ ಏನನ್ನೂ ಹಿಡಿದಿಟ್ಟುಕೊಳ್ಳುವುದೂ ಇಲ್ಲ. ಆದರೆ ಜಲಸಸ್ಯ ಹೊಲದ ಪೈರಲ್ಲ. ನೀರೊಳಗಿರುವ ಗಿಡ ಬೇರಿನಿಂದಲೂ ಉಣ್ಣುತ್ತದೆ, ಎಲೆಯಿಂದಲೂ ಉಣ್ಣುತ್ತದೆ. ನೀರಿಗೆ ದ್ರವಗೊಬ್ಬರ ಹಾಕಿದರೆ ಹೈಗ್ರೊಫಿಲಾ, ರೊಟಾಲಾ, ಲುಡ್ವಿಜಿಯಾದಂಥ ಕಾಂಡದ ಗಿಡಗಳು ಎಲೆಯಿಂದಲೇ ಸಾಕಷ್ಟು ಹೀರಿಕೊಳ್ಳುತ್ತವೆ. ಅನುಬಿಯಾಸ್ ಮತ್ತು ಜಾವಾ ಫರ್ನ್‌ಗೆ ತಳದ ಹಂಗೇ ಇಲ್ಲ. ಕಲ್ಲಿಗೋ ಕಟ್ಟಿಗೆಗೋ ಕಟ್ಟಿ ಬಿಟ್ಟರೆ ಸಾಕು. ಅವುಗಳ ದಪ್ಪ ಕಾಂಡವನ್ನು ಮಣ್ಣಿನಲ್ಲಿ ಹೂತರೆ ಕೊಳೆತೇ ಹೋಗುತ್ತವೆ. ಹಾರ್ನ್‌ವರ್ಟ್‌ಗಂತೂ ಬೇರೇ ಇಲ್ಲ. ಉಳಿದದ್ದು ಕ್ರಿಪ್ಟೊಕೊರೈನ್, ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯಾದಂಥ ಬೇರಿನಿಂದ ಹೆಚ್ಚು ಉಣ್ಣುವ ಗಿಡಗಳು. ಅವುಗಳಿಗೆ ರೂಟ್ ಟ್ಯಾಬ್ ಎಂಬ ಗೊಬ್ಬರದ ಗುಳಿಗೆ ಇದೆ. ಬುಡದಿಂದ ಎರಡು ಬೆರಳು ದೂರದಲ್ಲಿ, ಮರಳಿನ ಆಳಕ್ಕೆ ಒತ್ತಿ, ಎರಡು ಮೂರು ತಿಂಗಳಿಗೊಮ್ಮೆ ಹೊಸದು ಇಟ್ಟರೆ ಆಯಿತು. ನನ್ನ ಸ್ವೋರ್ಡ್ ಗಿಡದ ಎಲೆ ಈಗ ನೀರಿನ ಮಟ್ಟ ಮುಟ್ಟಿದೆ. ಅದು ಉಂಡದ್ದು ಈ ಗುಳಿಗೆಗಳನ್ನು ಮತ್ತು ಮೀನಿನ ಹಿಕ್ಕೆಯನ್ನು.

ಇದರಲ್ಲಿ ನನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಮರಳಿನ ತೊಟ್ಟಿಯಲ್ಲಿ ಗಿಡ ಏನು ತಿನ್ನುತ್ತಿದೆ ಎಂಬುದು ನಮಗೆ ಗೊತ್ತಿರುತ್ತದೆ, ಏಕೆಂದರೆ ಬಡಿಸುವವರು ನಾವೇ. ಹಳೆಯ ಎಲೆ ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಸಿಯಂ ಕೊರತೆಯ ಶಂಕೆ. ಹೊಸ ಎಲೆ ಬಿಳಚಿಕೊಂಡರೆ ಕಬ್ಬಿಣದ ಕಡೆ ನೋಡಬೇಕು. ಗಿಡ ಓದಲು ನನಗೆ ಕಲಿಸಿದ್ದು ಮರಳು.

ಹಾಗೆಂದು ಕೈಗೆ ಸಿಕ್ಕಿದ ಮರಳನ್ನೆಲ್ಲ ಸುರಿಯುವಂತಿಲ್ಲ. ಸಮುದ್ರದ ಮರಳು ಬೇಡ. ಅದರಲ್ಲಿ ಉಪ್ಪು ಇರುತ್ತದೆ, ಚಿಪ್ಪಿನ ಚೂರು ಇರುತ್ತದೆ. ಚಿಪ್ಪು ಎಂದರೆ ಸುಣ್ಣ, ಅದು ನಿಧಾನಕ್ಕೆ ಕರಗಿ ನೀರನ್ನು ಗಡುಸು ಮಾಡುತ್ತದೆ. ಯಾವುದೇ ಮರಳಾದರೂ ಒಂದು ಹಿಡಿ ಒಣಗಿಸಿ ಅದರ ಮೇಲೆ ವಿನೆಗರ್ ಹನಿಸಿ, ಕಿವಿ ಹತ್ತಿರ ತಂದು ಕೇಳಿ. ಸುಣ್ಣವಿದ್ದರೆ ಸಣ್ಣಗೆ ಬುಸುಗುಟ್ಟುತ್ತದೆ, ಗುಳ್ಳೆ ಏಳುತ್ತದೆ. ವಿನೆಗರ್ ದುರ್ಬಲ ಆಮ್ಲ, ಸ್ವಲ್ಪ ಸುಣ್ಣವಿದ್ದರೆ ಸುಳಿವು ಕೊಡದೆಯೂ ಇರಬಹುದು. ಆದ್ದರಿಂದ ತೊಳೆದ ಮರಳನ್ನು ಒಂದು ಜಾಡಿ ನೀರಿನಲ್ಲಿ ವಾರವಿಡೀ ನೆನೆಸಿ, ಮೊದಲು ಮತ್ತು ಕೊನೆಗೆ ನೀರಿನ ಪಿಎಚ್, ಗಡಸುತನ ಎರಡನ್ನೂ ಅಳೆದು ನೋಡುವುದು ಹೆಚ್ಚು ಭರವಸೆಯ ದಾರಿ.

ಕಾಳಿನ ಗಾತ್ರ ಅರ್ಧ ಮಿಲಿಮೀಟರಿನಿಂದ ಒಂದೂವರೆ ಮಿಲಿಮೀಟರ್ ಇದ್ದರೆ ಚೆನ್ನ. ಹಿಟ್ಟಿನಂತೆ ನುಣುಪಾದದ್ದು ಗಟ್ಟಿಯಾಗಿ ಕೂತುಬಿಡುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಈಜುಕೊಳದ ಫಿಲ್ಟರಿಗೆ ಬಳಸುವ ಮರಳು ಒಂದೇ ಗಾತ್ರದ್ದಾಗಿರುವುದರಿಂದ ಬಹಳ ಅನುಕೂಲ. ಕಟ್ಟಡದ ಮರಳಾದರೆ ಜರಡಿ ಹಿಡಿಯಬೇಕು. ಕಲ್ಲು ಪುಡಿ ಮಾಡಿ ತಯಾರಿಸಿದ ಮರಳಿನ ಕಾಳುಗಳಿಗೆ ಚೂಪು ಅಂಚಿರುತ್ತದೆ. ತಳದಲ್ಲಿ ಮೂತಿಯಾಡಿಸುವ ಮೀನು ಸಾಕುವವರು ಅದನ್ನು ಮುಟ್ಟಬೇಡಿ. ಬಣ್ಣ ಬಳಿದ ಮರಳೂ ಬೇಡ.

ದಯವಿಟ್ಟು ಹೊಳೆಯ ದಂಡೆಗೆ ಹೋಗಿ ಚೀಲ ತುಂಬಿಕೊಂಡು ಬರಬೇಡಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂದಾಜಿನಂತೆ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸುತ್ತಿದೆ. ನದಿಗಳು ಈಗಾಗಲೇ ಬರಿದಾಗಿವೆ. ಮೀನು ಸಾಕುವ ನಾವು ಮೀನಿನ ಮನೆಯನ್ನೇ ಬಾಚಿಕೊಂಡು ಬರುವುದು ತರವಲ್ಲ. ಯಾವುದೋ ಮನೆಯ ಕಾಮಗಾರಿ ಮುಗಿದು ಉಳಿದ ಒಂದು ಬುಟ್ಟಿ, ಸಿಮೆಂಟ್ ಸೋಕಿರದಿದ್ದರೆ, ನಮಗೆ ಸಾಕಾಗುತ್ತದೆ.

ಲೆಕ್ಕ ಬೇಕೆಂದರೆ, 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತಳಕ್ಕೆ 5 ಸೆಂಟಿಮೀಟರ್ ದಪ್ಪ ಹಾಸಲು 9 ಲೀಟರ್ ಮರಳು ಬೇಕು. ಒಣಮರಳು ಲೀಟರಿಗೆ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ಅಂದರೆ 13–14 ಕೆಜಿ. ತೊಟ್ಟಿ ಇಡುವ ಮೇಜು ಆ ಭಾರವನ್ನೂ ಹೊರಬೇಕು ಎಂಬುದು ನೆನಪಿರಲಿ.

ಈಗ ತೊಳೆಯುವ ಮಾತು. ಮರಳು ಅಗ್ಗ ಎಂದು ಎಲ್ಲರೂ ಹೇಳುತ್ತಾರೆ, ಅದರ ಬೆಲೆಯನ್ನು ತೋಳಿನಿಂದ ತೆರಬೇಕು ಎಂದು ಹೇಳುವುದಿಲ್ಲ. ಒಣಮರಳನ್ನು ಸುರಿಯುವ ಮೊದಲು ನೀರು ಚಿಮುಕಿಸಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಕೆಟಿನ ಕಾಲುಭಾಗ ಮಾತ್ರ ಮರಳು ಹಾಕಿ ನೀರು ಬಿಡಿ. ಮೊದಲ ಸಲ ಕೈ ಆಡಿಸಿದಾಗ ನೀರು ಕಾವಿ ಬಣ್ಣಕ್ಕೆ ತಿರುಗುತ್ತದೆ, ಬೆರಳು ಕಾಣುವುದಿಲ್ಲ. ಎರಡು ಮೂರು ಸೆಕೆಂಡ್ ಬಿಟ್ಟರೆ ಮರಳು ಕೆಳಗಿಳಿಯುತ್ತದೆ, ಕೆಸರು ಮೇಲೆಯೇ ತೇಲುತ್ತದೆ. ಆ ಕ್ಷಣದಲ್ಲಿ ಬಗ್ಗಿಸಬೇಕು. ತಡಮಾಡಿದರೆ ಕೆಸರೂ ಕೂತುಬಿಡುತ್ತದೆ. ಐದನೆಯ ಸಲಕ್ಕೆ ನೀರು ಮಾಸಲು ಬಿಳಿಯಾಗುತ್ತದೆ, ಇನ್ನು ಸಾಕು ಎನ್ನಿಸುತ್ತದೆ. ಸಾಕಾಗಿರುವುದಿಲ್ಲ. ಹತ್ತನೆಯ ಸಲದ ಹೊತ್ತಿಗೆ ಅಂಗೈಗೆ ತಿಳಿಯುತ್ತದೆ: ಮೊದಲಿದ್ದ ಜಿಗುಟು ಹೋಗಿ ಮರಳು ಚರಚರ ಎನ್ನತೊಡಗುತ್ತದೆ, ಕಾಳುಗಳು ಒಂದೊಂದೂ ಬಿಡಿಬಿಡಿಯಾಗಿ ಜಾರುತ್ತವೆ. ಕದಡಿದ ನೀರಿನೊಳಗೆ ಬಕೆಟಿನ ತಳ ಕಂಡಾಗ ಆ ಕಂತು ಮುಗಿಯಿತು. ಮುಂದಿನ ಕಾಲು ಬಕೆಟ್ ಹಾಕಿಕೊಳ್ಳಿ. ಹೀಗೆ ತೊಳೆದ ಮರಳನ್ನು ಹಾಸಿ, ಅದರ ಮೇಲೆ ತಟ್ಟೆಯಿಟ್ಟು ತಟ್ಟೆಯ ಮೇಲೆ ನೀರು ಸುರಿದರೆ ತೊಟ್ಟಿ ಅದೇ ದಿನ ತಿಳಿಯಾಗಿರುತ್ತದೆ. ದೊಡ್ಡ ಕಲ್ಲುಗಳಿದ್ದರೆ ಅವನ್ನು ಮರಳಿನ ಮೇಲಲ್ಲ, ಮರಳಿಗೆ ಮೊದಲು ತಳದ ಮೇಲೇ ಕೂರಿಸಬೇಕು. ಮೀನು ಬುಡ ಅಗೆದರೆ ಕಲ್ಲು ಉರುಳಿ ಗಾಜಿಗೆ ಬಡಿಯುತ್ತದೆ.

ಹೆದರಿಸುವವರ ಬತ್ತಳಿಕೆಯ ಇನ್ನೊಂದು ಬಾಣ ವಿಷಾನಿಲ. ಮರಳಿನ ಆಳದಲ್ಲಿ ಆಮ್ಲಜನಕವಿಲ್ಲದೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಮೀನು ಸಾಯುತ್ತದೆ ಎನ್ನುತ್ತಾರೆ. ಹುಟ್ಟಬಹುದು, ನಿಜ. ತುಂಬ ಆಳವಾಗಿ ಹಾಸಿ, ಗಿಡವಿಲ್ಲದೆ, ಕೊಳೆ ಸೇರುತ್ತ ಹೋದರೆ ಮರಳು ಅಲ್ಲಲ್ಲಿ ಕಪ್ಪಾಗಿ, ಕೆದಕಿದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆದರೆ ಗಿಡಗಳಿರುವ ತೊಟ್ಟಿಯಲ್ಲಿ ಬೇರುಗಳೇ ಸುತ್ತಲಿನ ಮರಳಿಗೆ ಆಮ್ಲಜನಕ ಬಿಡುತ್ತವೆ. ಸ್ವಲ್ಪ ಅನಿಲ ಮೇಲೆ ಬಂದರೂ ಆಮ್ಲಜನಕವಿರುವ ನೀರಿನಲ್ಲಿ ಬೇಗ ನಿರಪಾಯವಾಗುತ್ತದೆ. ಐದಾರು ಸೆಂಟಿಮೀಟರ್ ದಪ್ಪಕ್ಕೆ ನಿಲ್ಲಿಸಿ, ಗಿಡ ದಟ್ಟವಾಗಿ ನೆಡಿ, ಹತ್ತಾರು ಟ್ರಂಪೆಟ್ ಬಸವನಹುಳುಗಳನ್ನು ಬಿಡಿ. ಹಗಲೆಲ್ಲ ಅವು ಮರಳಿನೊಳಗೆ ತೂರಿಕೊಂಡು ಉಳುತ್ತಿರುತ್ತವೆ. ಆರು ವರ್ಷದಲ್ಲಿ ಈ ಅನಿಲದಿಂದ ನಾನು ಒಂದು ಮೀನನ್ನೂ ಕಳೆದುಕೊಂಡಿಲ್ಲ.

ಮೊದಲ ಎರಡು ತಿಂಗಳು ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಮರಳಿನ ಮೇಲೆ ಕಂದು ಬಣ್ಣದ ಪೊರೆಯೊಂದು ಬರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಹೊಸ ತೊಟ್ಟಿಗಳಲ್ಲಿ ತಳ ಯಾವುದಿದ್ದರೂ ಬರುವಂಥದ್ದು, ಬಂದ ಹಾಗೆಯೇ ಹೋಗುತ್ತದೆ. ಕ್ರಿಪ್ಟೊಕೊರೈನ್ ಜಾಗ ಬದಲಾದ ಸಂಕಟಕ್ಕೆ ಎಲೆಗಳನ್ನೆಲ್ಲ ಕರಗಿಸಿಕೊಳ್ಳುತ್ತದೆ. ಸತ್ತಿತೆಂದು ಕಿತ್ತು ಎಸೆಯಬೇಡಿ, ಬುಡ ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಮೀನಿನ ಆತುರ ಬೇಡವೇ ಬೇಡ: ಮರಳು ಅಮೋನಿಯಾ ಬಿಡುವುದಿಲ್ಲ ನಿಜ, ಆದರೆ ಮೀನಿನ ಹಿಕ್ಕೆಯ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಇಲ್ಲಿಯೂ ವಾರಗಳು ಬೇಕು. ಕಸ ತೆಗೆಯುವ ಪೈಪನ್ನು ಮರಳಿನೊಳಗೆ ಚುಚ್ಚದೆ ಬೆರಳಗಲ ಮೇಲೆ ಆಡಿಸಿ. ಮರಳು ಕೆದಕುವಾಗ ಫಿಲ್ಟರ್ ನಿಲ್ಲಿಸಿ, ಅದರ ಮೋಟಾರಿಗೆ ಒಂದು ಕಾಳು ಹೊಕ್ಕರೂ ಸವೆತ ಶುರುವಾಗುತ್ತದೆ. ನಾನು ಹೀಗೆ ಒಂದು ಫಿಲ್ಟರ್ ಹಾಳುಮಾಡಿಕೊಂಡಿದ್ದೇನೆ. ಅಪ್ಪಟ ಬಿಳಿ ಮರಳಿಗಿಂತ ಮಣ್ಣುಬಣ್ಣದ್ದು ನನಗೆ ಹಿಡಿಸುತ್ತದೆ, ಅದರ ಮೇಲೆ ಮೀನಿನ ಬಣ್ಣ ಏರುತ್ತದೆ.

ಇಷ್ಟೆಲ್ಲ ಹೇಳಿ ಕೋರಿಡೋರಸ್ ಮೀನುಗಳ ವಿಷಯ ಹೇಳದಿದ್ದರೆ ಆಗದು. ಒರಟು ಜಲ್ಲಿಯ ಮೇಲೆ ಅವು ಇರುವುದನ್ನು ನೋಡಿದ್ದೇನೆ, ಬದುಕುತ್ತವೆ ಅಷ್ಟೆ. ಮರಳಿನ ಮೇಲೆ ಬಿಟ್ಟ ದಿನ ಅವುಗಳ ನಡತೆಯೇ ಬೇರೆಯಾಯಿತು. ಕಣ್ಣಿನವರೆಗೂ ಮೂತಿಯನ್ನು ಮರಳಿನಲ್ಲಿ ಹೂತು, ಬಾಯಿ ತುಂಬ ತೆಗೆದುಕೊಂಡು, ತಿನ್ನಲು ಬರುವುದನ್ನು ಉಳಿಸಿಕೊಂಡು, ಉಳಿದದ್ದನ್ನು ಕಿವಿರಿನಿಂದ ಹೊರಗೆ ಚೆಲ್ಲುತ್ತವೆ. ಎರಡು ಕೆನ್ನೆಯಿಂದಲೂ ಸಣ್ಣ ಹೊಗೆಯಂತೆ ಮರಳು ಉದುರುತ್ತದೆ. ಸಂಜೆ ದೀಪ ಆರಿಸುವ ಮೊದಲು ಅರ್ಧ ಗಂಟೆ ಇದನ್ನೇ ನೋಡುತ್ತ ಕೂತಿರುತ್ತೇನೆ. ಯಾವ ದುಬಾರಿ ಚೀಲವೂ ನನಗೆ ಈ ಅರ್ಧ ಗಂಟೆಯನ್ನು ಕೊಟ್ಟಿರಲಿಲ್ಲ.

ಆ ಹುಡುಗನಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿದೆ. ಮಣ್ಣಿಗೆಂದು ಕೂಡಿಟ್ಟ ಹಣದಲ್ಲಿ ಒಂದು ಭಾಗವನ್ನು ಒಳ್ಳೆಯ ದೀಪಕ್ಕೆ ಹಾಕು, ಇನ್ನೊಂದು ಭಾಗದಲ್ಲಿ ಗಿಡಗಳನ್ನೇ ಹೆಚ್ಚು ತಾ ಎಂದೆ. ನಿನ್ನೆ ರಾತ್ರಿ ಫೋಟೊ ಕಳುಹಿಸಿದ್ದಾನೆ. ಮೊಣಕೈವರೆಗೆ ಒದ್ದೆಯಾದ ಕೈ, ಬಕೆಟಿನಲ್ಲಿ ಮಾಸಲು ಬಿಳಿಯ ನೀರು, "ಇಷ್ಟು ಸಾಕಲ್ಲವೇ?" ಎಂಬ ಪ್ರಶ್ನೆ. ಇನ್ನೂ ಐದು ಸಲ ತೊಳೆ ಎಂದು ಉತ್ತರ ಬರೆದಿದ್ದೇನೆ.