ಹೊಟ್ಟೆಯ ವೈದ್ಯರಿಗೆ ಆ ಗುಳಿಗೆಯ ವಿಷಯವನ್ನೂ ಹೇಳಿ

‘ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?’ ಎಂದು ಹೊಟ್ಟೆಯ ವೈದ್ಯರು ಕೇಳಿದಾಗ ‘ಇಲ್ಲ ಸರ್’ ಎಂದಿದ್ದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದ ಗರ್ಭನಿರೋಧಕ ಗುಳಿಗೆಯನ್ನು ನಾನು ಔಷಧವೆಂದು ಎಣಿಸಿಯೇ ಇರಲಿಲ್ಲ. ಎಣಿಸಿದ್ದರೂ, ಪಕ್ಕದಲ್ಲಿ ಅತ್ತೆ ಕುಳಿತಿದ್ದಾಗ ಬಾಯಿ ಬರುತ್ತಿರಲಿಲ್ಲ.

ನನಗಿರುವುದು ಐಬಿಎಸ್, ಅಂದರೆ ಪದೇ ಪದೇ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ತರುವ ಕರುಳಿನ ತೊಂದರೆ. ಅದು ಇರುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆ ಸರಿಯಾಗಿಯೇ ಬರುತ್ತದೆ, ಆದರೂ ಮದುವೆ ಮನೆಗೆ ಹೋದರೆ ಮೊದಲು ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ಕಾಲೇಜಿನ ದಿನಗಳಿಂದಲೂ ಮುಟ್ಟಿನ ಮೊದಲೆರಡು ದಿನ ನನಗೆ ಹೊಟ್ಟೆ ನುಲಿದು ಭೇದಿಯಾಗುತ್ತಿತ್ತು. ಅದರ ಹಿಂದಿನ ವಾರ ಪೂರ್ತಿ ಉಬ್ಬರ. ಅಮ್ಮ ಜೀರಿಗೆ ಕಷಾಯ ಕೊಟ್ಟು ‘ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ’ ಎನ್ನುತ್ತಿದ್ದಳು.

ಇದ್ದದ್ದೇ ಹೌದು, ಆದರೆ ಅದಕ್ಕೊಂದು ಕಾರಣವೂ ಇದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಏರುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್, ಗರ್ಭಕೋಶದ ಸ್ನಾಯುವಿನಂತೆ ಕರುಳಿನ ಸ್ನಾಯುವನ್ನೂ ಸಡಿಲಿಸುತ್ತದೆ. ಬಸುರಿಯರನ್ನು ಮಲಬದ್ಧತೆ ಕಾಡುವುದಕ್ಕೆ ಇದೂ ಒಂದು ಕಾರಣ. ಮುಟ್ಟು ಹತ್ತಿರ ಬಂದಾಗ ಅದು ಕುಸಿದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ. ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್ ಪಕ್ಕದ ಕರುಳನ್ನೂ ಸುಮ್ಮನೆ ಬಿಡುವುದಿಲ್ಲ.

ಹೀಗಿರುವಾಗ ಹೊರಗಿನಿಂದ ಕೊಟ್ಟ ಹಾರ್ಮೋನ್ ಕರುಳಿಗೆ ತಟ್ಟದೆ ಇರುತ್ತದೆಯೇ? ತಟ್ಟುವ ಬಗೆ ಮಾತ್ರ ಎಲ್ಲರಿಗೂ ಒಂದೇ ಅಲ್ಲ. ಗುಳಿಗೆಯಿಂದ ತಿಂಗಳ ಏರಿಳಿತ ತಗ್ಗಿ ಕೆಲವರಿಗೆ ನೋವು, ಭೇದಿ ಕಡಿಮೆಯಾಗುತ್ತವೆ. ಇನ್ನು ಕೆಲವರಿಗೆ ಮೊದಲ ಎರಡು ಮೂರು ತಿಂಗಳು ವಾಕರಿಕೆ, ಉಬ್ಬರ. ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ‘ಗುಳಿಗೆಯಿಂದಲೇ ಕರುಳು ಹಾಳಾಯಿತು’ ಎಂಬ ವಾಟ್ಸ್‌ಆ್ಯಪ್ ಸಂದೇಶ ನೋಡಿ ಒಂದೇ ದಿನಕ್ಕೆ ಗುಳಿಗೆ ಬಿಟ್ಟು, ಬೇಡದ ಬಸುರಿನ ಆತಂಕಕ್ಕೆ ಸಿಕ್ಕಿಬಿದ್ದವರನ್ನು ನಾನು ಬಲ್ಲೆ. ಅಂಥ ಸಂದೇಶ ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ನನ್ನದೇ ಕತೆ ಕೇಳಿ. ಎರಡನೆಯ ಮಗುವಾದ ಮೇಲೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಗುಳಿಗೆ ಶುರು ಮಾಡಿದ್ದೆ. ಮುಟ್ಟಿನ ದಿನದ ಭೇದಿ ಬಹುತೇಕ ನಿಂತಿತು. ಆದರೆ ಪ್ರತಿ ತಿಂಗಳೂ ಒಂದು ವಾರ ಮಲ ಕಲ್ಲಾಗಿ ಪ್ರಾಣ ಹೋಗುತ್ತಿತ್ತು. ಗುಳಿಗೆಯ ಸಹವಾಸವೇ ಬೇಡ ಎಂದು ಹೋದಾಗ ಸ್ತ್ರೀರೋಗ ತಜ್ಞೆ, ‘ಎರಡು ತಿಂಗಳು ಎಲ್ಲವನ್ನೂ ಬರೆದಿಟ್ಟುಕೊಂಡು ಬನ್ನಿ, ಆಮೇಲೆ ನೋಡೋಣ’ ಎಂದರು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆ: ದಿನಾಂಕ, ಗುಳಿಗೆ, ಮುಟ್ಟು, ನೋವು, ಮಲ, ಊಟ.

ಅವರು ಆ ಪುಟದ ಪಕ್ಕದಲ್ಲಿ ಗುಳಿಗೆಯ ಪಟ್ಟಿ (ಸ್ಟ್ರಿಪ್) ಇಟ್ಟು ಬೆರಳಿನಿಂದ ಎಣಿಸಿದರು. ಪಟ್ಟಿಯಲ್ಲಿರುವುದು 28 ಗುಳಿಗೆ. 21 ಬಿಳಿಯವು, ಅವುಗಳಲ್ಲಿ 0.15 ಮಿಲಿಗ್ರಾಂ ಲೆವೊನೊರ್ಜೆಸ್ಟ್ರೆಲ್ ಮತ್ತು 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯೋಲ್ ಎಂಬ ಎರಡು ಹಾರ್ಮೋನ್. ಕೊನೆಯ ಏಳು ಕಂದು ಗುಳಿಗೆಗಳಲ್ಲಿ ಹಾರ್ಮೋನ್ ಇಲ್ಲವೇ ಇಲ್ಲ, ಇರುವುದು ಕಬ್ಬಿಣಾಂಶ. ನಾನು ನರಳಿದ ದಿನಗಳೆಲ್ಲ ಬಂದು ಬಿದ್ದದ್ದು ಆ ಏಳರ ಜೊತೆಗೇ. ಕಬ್ಬಿಣ ಮಲವನ್ನು ಗಟ್ಟಿ ಮಾಡುತ್ತದೆ ಎಂದು ಬಸುರಿನಲ್ಲಿ ಅದರ ಮಾತ್ರೆ ನುಂಗಿದವರಿಗೆ ಗೊತ್ತಿರುತ್ತದೆ, ನನಗೂ ಗೊತ್ತಿತ್ತು, ಹೊಳೆದಿರಲಿಲ್ಲ ಅಷ್ಟೇ. ಹಿಮೋಗ್ಲೋಬಿನ್ ಪರೀಕ್ಷಿಸಿ, ಸರಿಯಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆ ಅವರು ಕಂದು ಗುಳಿಗೆ ಬಿಡಲು ಹೇಳಿದರು. ಏಳು ದಿನ ಕಳೆದೊಡನೆ, ಒಂದು ದಿನವೂ ತಡಮಾಡದೆ ಹೊಸ ಪಟ್ಟಿ ಶುರು ಮಾಡಲೇಬೇಕು ಎಂದು ಎರಡೆರಡು ಸಲ ಎಚ್ಚರಿಸಿದರು.

ವರ್ಷಗಟ್ಟಲೆ ನನಗೆ ಯಾರೂ ಹೇಳದ ಇನ್ನೊಂದು ಮಾತನ್ನೂ ಅಂದೇ ಹೇಳಿದರು. ಗುಳಿಗೆ ಕರುಳಿನ ಮೂಲಕವೇ ರಕ್ತ ಸೇರಬೇಕು. ನುಂಗಿದ ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ, ಅಥವಾ ತೀವ್ರ ಭೇದಿ ಒಂದು ದಿನಕ್ಕಿಂತ ಹೆಚ್ಚು ಹಿಡಿದರೆ, ಆ ಗುಳಿಗೆ ತಪ್ಪಿದಂತೆಯೇ ಲೆಕ್ಕ. ಐಬಿಎಸ್ ಇರುವ ನಮಗೆ ಇದು ಮೊದಲ ದಿನವೇ ತಿಳಿಯಬೇಕಾದ ವಿಷಯ!

ಬೇರೆ ದಾರಿಗಳೂ ಇವೆ. ಅಂತರಾ ಎಂಬ ಗರ್ಭನಿರೋಧಕ ಹಾರ್ಮೋನ್ ಚುಚ್ಚುಮದ್ದು ಕರುಳಿನ ಹಂಗಿಲ್ಲದೆ ಮೂರು ತಿಂಗಳು ಕೆಲಸ ಮಾಡುತ್ತದೆ, ಆದರೆ ಒಗ್ಗದಿದ್ದರೆ ವಾಪಸ್ ತೆಗೆಯಲಾಗದು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ ಛಾಯಾ ಗುಳಿಗೆಯಲ್ಲಿ ಹಾರ್ಮೋನ್ ಇಲ್ಲ. ಕಾಪರ್-ಟಿಯಲ್ಲೂ ಇಲ್ಲ, ಆದರೆ ಮೊದಲ ತಿಂಗಳುಗಳಲ್ಲಿ ಸೆಳೆತ, ಸ್ರಾವ ಹೆಚ್ಚಬಹುದು.

ಹಾಗೆಂದು ಎಲ್ಲವನ್ನೂ ಗುಳಿಗೆಯ ತಲೆಗೆ ಕಟ್ಟಬೇಡಿ. ಮಲದಲ್ಲಿ ರಕ್ತ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ನೋವು ಐಬಿಎಸ್ ಎಂದು ಸುಮ್ಮನಿರುವಂಥವಲ್ಲ. ಮುಟ್ಟಿನಲ್ಲಿ ಮಲವಿಸರ್ಜನೆಯೇ ಅಸಹನೀಯ ನೋವಾದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ) ಇದೆಯೇ ಎಂದು ಕೇಳಿ.

ವೈದ್ಯರಲ್ಲಿ ನನ್ನದೊಂದು ಕೋರಿಕೆ. ಹೊಟ್ಟೆನೋವೆಂದು ಬಂದ ಹೆಣ್ಣುಮಗಳ ಜೊತೆಯವರನ್ನು ಎರಡು ನಿಮಿಷ ಹೊರಗೆ ಕೂರಿಸಿ, ಮುಟ್ಟಿನ ದಿನಾಂಕವನ್ನೂ ಗುಳಿಗೆಯ ಹೆಸರನ್ನೂ ಬಾಯಿಬಿಟ್ಟು ಕೇಳಿ.

ಕಳೆದ ತಿಂಗಳು ನಾನು ಅತ್ತೆಯ ಎದುರೇ ಎಲ್ಲವನ್ನೂ ಹೇಳಿದೆ. ಆಟೋದಲ್ಲಿ ಬರುವಾಗ ಅವರು ಬಹಳ ಹೊತ್ತು ಹೊರಗೆ ನೋಡುತ್ತಾ ಕುಳಿತಿದ್ದರು. ಆಮೇಲೆ, ‘ಕಾಪರ್-ಟಿ ಹಾಕಿಸಿಕೊಂಡಾಗ ನನಗೂ ಹೊಟ್ಟೆ ಹೀಗೇ ಹಿಂಡುತ್ತಿತ್ತು ಕಣೇ. ಯಾರ ಹತ್ತಿರ ಹೇಳಲಿ?’ ಎಂದರು.